ವಾರಕ್ಕೊಂದು ರಾತ್ರಿ ಕೊಡಿ

ಬೆನ್ನುಹುರಿಗೆ ಪೆಟ್ಟು ಬಿದ್ದ ಹುಡುಗನಿರುವ ಮನೆಯಲ್ಲಿ ತುಂಬಿದ ನಿದ್ದೆ ಅಂತ ಯಾರಿಗೂ ಇರುವುದಿಲ್ಲ. ಹತ್ತಕ್ಕೆ ಎಡಮಗ್ಗುಲು, ಹನ್ನೆರಡಕ್ಕೆ ಅಂಗಾತ, ಎರಡಕ್ಕೆ ಬಲಮಗ್ಗುಲು, ನಾಲ್ಕಕ್ಕೆ ಮತ್ತೆ ಎಡಕ್ಕೆ. ನಮ್ಮ ನಿಮ್ಮ ಮೈ ನಿದ್ದೆಯಲ್ಲೂ ತನ್ನಷ್ಟಕ್ಕೆ ಹೊರಳುತ್ತದೆ. ಒತ್ತಿದ ಕಡೆ ಜೋಮು ಹಿಡಿದರೆ ಕಣ್ಣು ಬಿಡದೆಯೇ ಸರಿದು ಮಲಗುತ್ತೇವೆ. ಸೊಂಟದ ಕೆಳಗೆ ಸ್ವಾಧೀನ ಹೋದವನಿಗೆ ಜೋಮು ಹಿಡಿದದ್ದೂ ತಿಳಿಯದು, ತಿಳಿದರೂ ಸರಿಯಲಾಗದು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹೋಗದೆ ಕೆಲವೇ ಗಂಟೆಗಳಲ್ಲಿ ಅದು ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಒಡೆಯುತ್ತದೆ. ಹಾಗಾಗಿ ಯಾರಾದರೂ ಏಳಬೇಕು. ರಾತ್ರಿಗೆ ಮೂರು ಸಲವೆಂದರೂ ವರ್ಷಕ್ಕೆ 1,095 ಸಲ. ಅರವತ್ತು ಕಿಲೋ ತೂಗುವ ದೇಹವನ್ನು ನಿದ್ದೆಗಣ್ಣಲ್ಲಿ, ಸೊಂಟ ನೋಯುವ ಒಬ್ಬ ಹೆಂಗಸು ಹೊರಳಿಸುತ್ತಾಳೆ.

ಹೆಂಗಸು ಎಂದು ಬೇಕೆಂದೇ ಬರೆದೆ. ಅಮ್ಮ, ಇಲ್ಲವೇ ಹೆಂಡತಿ, ಇಲ್ಲವೇ ಮದುವೆ ಮುಂದೆ ಹೋದ ಅಕ್ಕ. ನಾವು ಅವಳಿಗೆ ಒಂದು ಬಿರುದು ಕೊಟ್ಟಿದ್ದೇವೆ: ತ್ಯಾಗಮಯಿ. ಬಿರುದಿಗೆ ಖರ್ಚಿಲ್ಲ. ಅದನ್ನು ಕೊಟ್ಟವರು ಹನ್ನೆರಡು ಗಂಟೆಗೆ ಎದ್ದು ಬರಬೇಕಾಗಿಯೂ ಇಲ್ಲ.

ಆಸ್ಪತ್ರೆಯಲ್ಲಿದ್ದಾಗ ಎಲ್ಲರೂ ಬಂದಿದ್ದರು. ಸೇಬು, ಎಳನೀರು, ಹಾರ್ಲಿಕ್ಸ್ ಬಾಟಲಿ ತಂದಿದ್ದರು. ಊರಿನವರು ಚೀಟಿ ಎತ್ತಿ ದುಡ್ಡು ಸೇರಿಸಿದ್ದರು, ಯುವಕ ಸಂಘದವರು ರಕ್ತ ಕೊಟ್ಟಿದ್ದರು. ಅದೆಲ್ಲ ಸುಳ್ಳಲ್ಲ, ಕನ್ನಡದ ಹಳ್ಳಿಗಳಿಗೆ ಆ ಕರುಳು ಇನ್ನೂ ಇದೆ. ಆದರೆ ಆ ಕರುಳು ಒಂದೂವರೆ ತಿಂಗಳಿಗೆ ಸುಸ್ತಾಗುತ್ತದೆ. ಆಂಬುಲೆನ್ಸ್ ಅವನನ್ನು ಮನೆಯ ಅಂಗಳಕ್ಕೆ ಇಳಿಸಿ ಹೋದ ದಿನದಿಂದ ಬರುವವರ ಸಂಖ್ಯೆ ಇಳಿಯುತ್ತದೆ. ಬಂದವರೂ ಬಾಗಿಲಲ್ಲೇ ನಿಂತು ಅಮ್ಮನನ್ನು ಕೇಳುತ್ತಾರೆ, ‘ಏನಾದ್ರೂ ಇಂಪ್ರೂಮೆಂಟು ಉಂಟಾ? ನಡೀತಾನಂತಾ?’ ಹುಡುಗ ಮೂರು ಮೊಳ ದೂರದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿರುತ್ತಾನೆ. ಅವನ ಬೆನ್ನಿಗೆ ಪೆಟ್ಟಾಗಿದೆಯೇ ಹೊರತು ಕಿವಿಗಲ್ಲ.

ಯಾರು ಈ ಹುಡುಗರು? ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೇಳಿ ನೋಡಿ, ಪ್ರತಿ ಹೋಬಳಿಯಲ್ಲೂ ಒಬ್ಬ ಕೊನೆಗೌಡ ಸಿಗುತ್ತಾನೆ. ಅಡಿಕೆ ಮರದಿಂದ ಮರಕ್ಕೆ ತೂಗಿ ದಾಟುತ್ತಿದ್ದವನು ಜಾರಿ ಬಿದ್ದಿದ್ದಾನೆ. ತೆಂಗಿನ ಮರದಿಂದ ಬಿದ್ದವನಿದ್ದಾನೆ, ಕಾಳುಮೆಣಸು ಕೊಯ್ಯಲು ಏಣಿ ಹತ್ತಿ ಬಿದ್ದವನಿದ್ದಾನೆ, ಬೆಂಗಳೂರಿನ ಕಟ್ಟಡದ ಸಾರ್ವೆಯಿಂದ ಬಿದ್ದ ರಾಯಚೂರಿನ ಹುಡುಗನಿದ್ದಾನೆ. ಬೇಸಿಗೆಯಲ್ಲಿ ನೀರು ಕಡಿಮೆಯಿದ್ದ ಬಾವಿಗೆ ತಲೆಕೆಳಗಾಗಿ ಧುಮುಕಿದ ಪಿಯುಸಿ ಹುಡುಗನಿದ್ದಾನೆ. ದಾರಿಯ ಹಂಪು ಕಾಣದೆ ಬೈಕಿನಿಂದ ಎಗರಿದವರಂತೂ ಲೆಕ್ಕವಿಲ್ಲ. ಜಗತ್ತಿನಲ್ಲಿ ಬೆನ್ನುಹುರಿಯ ಪೆಟ್ಟಿನೊಂದಿಗೆ ಬದುಕುತ್ತಿರುವವರು ಒಂದೂವರೆ ಕೋಟಿಗೂ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀಳುವುದು ಮತ್ತು ರಸ್ತೆ ಅಪಘಾತ, ಇವೆರಡೇ ಮುಖ್ಯ ಕಾರಣ. ಅವರಲ್ಲಿ ಹೆಚ್ಚಿನವರು ದುಡಿಯುವ ಪ್ರಾಯದವರು. ಮನೆಯ ಸಾಲದ ಕಂತು ಯಾರ ಹೆಸರಲ್ಲಿತ್ತೋ ಅವರು.

ಹುಡುಗಿಯರೂ ಇದ್ದಾರೆ. ಅವರ ಕತೆ ಇನ್ನೂ ಕಹಿ. ಗಂಡನಿಗೆ ಹೀಗಾದರೆ ಹೆಂಡತಿ ಉಳಿಯುತ್ತಾಳೆ, ಉಳಿಯದಿದ್ದರೆ ಊರು ಅವಳನ್ನು ತಿಂದುಹಾಕುತ್ತದೆ. ಹೆಂಡತಿಗೆ ಹೀಗಾದರೆ? ‘ಸ್ವಲ್ಪ ದಿನ ತವರಲ್ಲಿ ಇರಲಿ’ ಎಂದು ಕಳಿಸಿಬಿಡುತ್ತಾರೆ. ಆ ಸ್ವಲ್ಪ ದಿನ ಮುಗಿಯುವುದೇ ಇಲ್ಲ. ಅದನ್ನು ಯಾವ ಪಂಚಾಯ್ತಿಕಟ್ಟೆಯೂ ಪ್ರಶ್ನಿಸಿದ್ದನ್ನು ನಾನು ಕಂಡಿಲ್ಲ.

ಬೆನ್ನುಹುರಿ ಮೆದುಳಿನ ಬುಡದಿಂದ ಹೊರಟು ಸೊಂಟದ ಮೇಲ್ಭಾಗದವರೆಗೆ ಇಳಿಯುತ್ತದೆ, ದಪ್ಪ ನಮ್ಮ ಕಿರುಬೆರಳಿನಷ್ಟು. ಅದರಿಂದ 31 ಜೊತೆ ನರಗಳು ಕವಲೊಡೆಯುತ್ತವೆ. ಪೆಟ್ಟು ಎಲ್ಲಿ ಬಿತ್ತೋ ಅದರ ಕೆಳಗಿನ ಸುದ್ದಿ ಮೇಲಕ್ಕೆ ಬಾರದು, ಮೇಲಿನ ಅಪ್ಪಣೆ ಕೆಳಕ್ಕೆ ಹೋಗದು. ಎದೆಯ ಮಟ್ಟದಲ್ಲಾದರೆ ಕಾಲು ಹೋಯಿತು, ಕೈ ಉಳಿಯಿತು. ಕುತ್ತಿಗೆಯಲ್ಲಾದರೆ ಕೈಗೂ ಕಷ್ಟ, ಇನ್ನೂ ಮೇಲಾದರೆ ಉಸಿರಿಗೂ. ಹುರಿ ಪೂರ್ತಿ ಕೆಟ್ಟಿದೆಯೋ ಅಲ್ಪಸ್ವಲ್ಪ ಉಳಿದಿದೆಯೋ ಎಂಬುದರ ಮೇಲೆ ಮುಂದಿನದು. ಅಲ್ಪಸ್ವಲ್ಪ ಉಳಿದವರು ಎಷ್ಟೋ ಮಂದಿ ಚೇತರಿಸಿಕೊಳ್ಳುತ್ತಾರೆ. ಪೂರ್ತಿ ಕೆಟ್ಟವರಲ್ಲಿ ನಡಿಗೆ ಮರಳುವುದು ಅಪರೂಪ. ಇದನ್ನು ವೈದ್ಯರು ಹೇಳುತ್ತಾರೆ, ಆದರೆ ಓಡಾಟದ ಕಾರಿಡಾರಿನಲ್ಲಿ ನಿಂತು, ಒಂದೂವರೆ ನಿಮಿಷದಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಅಪ್ಪನಿಗೆ ಅರ್ಥವಾಗುವುದು ಒಂದೇ ಮಾತು, ‘ನೋಡೋಣ.’

ಆ ‘ನೋಡೋಣ’ದ ಮೇಲೆ ಒಂದು ಇಡೀ ವ್ಯಾಪಾರ ನಿಂತಿದೆ. ಮನೆಗೆ ಬಂದ ಕೆಲವು ವಾರಗಳಿಗೆ ಒಂದು ಬೆಳಿಗ್ಗೆ ಹುಡುಗನ ಕಾಲು ತಟ್ಟನೆ ಮಡಚಿಕೊಳ್ಳುತ್ತದೆ, ತೊಡೆ ನಡುಗುತ್ತದೆ. ಮನೆಮಂದಿ ಅತ್ತುಬಿಡುತ್ತಾರೆ, ದೇವರಿಗೆ ಕಾಯಿ ಒಡೆಯುತ್ತಾರೆ. ಅದು ಸೆಳೆತ. ಮೆದುಳಿನ ಹಿಡಿತ ತಪ್ಪಿದ ಹುರಿ ತಾನೇ ತಾನಾಗಿ ಮಾಡುವ ಕುಣಿತ, ನಡೆಯುವ ಸೂಚನೆಯಲ್ಲ. ಅದನ್ನು ಮೆಲ್ಲಗೆ, ಕೈ ಹಿಡಿದು, ವಿವರಿಸಿ ಹೇಳುವವರು ಬೇಕು. ಅವರು ಬರುವ ಮೊದಲೇ ಎಣ್ಣೆ ಮಾರುವವನು ಬಂದಿರುತ್ತಾನೆ. ಗ್ಯಾರಂಟಿ ಕೊಡುವವನು ಬಂದಿರುತ್ತಾನೆ. ಬಿಸಿ ಮರಳಿನ ಶಾಖ ಕೊಟ್ಟರೆ ನರ ತೆರೆಯುತ್ತದೆ ಎನ್ನುವವನು ಬಂದಿರುತ್ತಾನೆ. ಬಿಸಿ ಗೊತ್ತಾಗದ ತೊಡೆ ಬೊಬ್ಬೆಯೆದ್ದು ಸುಟ್ಟುಹೋಗುವುದು ಹೀಗೆಯೇ. ಕೊನೆಗೆ ನಗರದಿಂದ ಒಂದು ಫೋನು ಬರುತ್ತದೆ: ಸ್ಟೆಮ್ ಸೆಲ್, ಇಷ್ಟು ಲಕ್ಷ. ತೋಟ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಪ್ರಯೋಗಕ್ಕೆ ರೋಗಿಯಿಂದ ಲಕ್ಷ ಲಕ್ಷ ವಸೂಲಿ ಮಾಡುವುದು ಚಿಕಿತ್ಸೆಯಲ್ಲ, ಸುಲಿಗೆ. ಬಂಧುಗಳೇ, ನೀವು ವಾಟ್ಸಾಪಿನಲ್ಲಿ ಕಳಿಸುವ ‘ಪವಾಡ’ದ ವಿಡಿಯೋಗಳಿಗೆ ಆ ಮನೆಯವರು ಕೊಡುವ ಬೆಲೆ ಎಷ್ಟೆಂದು ಒಮ್ಮೆ ಯೋಚಿಸಿ ಆಮೇಲೆ ಬೆರಳು ಒತ್ತಿ.

ಹರಕೆ ಹೊರಬೇಡಿ ಎನ್ನುತ್ತಿಲ್ಲ. ಆಸೆ ಬಿಡಿ ಎಂದೂ ಅಲ್ಲ. ಕಾಲಿನ ಮೇಲೆ ಇಟ್ಟ ಆಸೆಯನ್ನು ಸ್ವಲ್ಪ ಮೇಲಕ್ಕೆ ತನ್ನಿ ಅಷ್ಟೆ. ಕೈ ಇದೆ, ತಲೆ ಇದೆ, ಇಪ್ಪತ್ತೆರಡರ ಪ್ರಾಯ ಇದೆ. ಅವನ ಆಯುಸ್ಸನ್ನು ನಿರ್ಧರಿಸುವುದು ಕಾಲಲ್ಲ. ಚರ್ಮ ಮತ್ತು ಮೂತ್ರಪಿಂಡ.

ಇದು ಹೊಸ ಜ್ಞಾನವೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಬೆನ್ನಿಗೆ ಗುಂಡು ಬಿದ್ದ ಸೈನಿಕರಲ್ಲಿ ಬಹುಪಾಲು ಜನ ವಾರಗಳಲ್ಲೋ ತಿಂಗಳುಗಳಲ್ಲೋ ಸತ್ತರು. ಗುಂಡಿನಿಂದ ಅಲ್ಲ, ಹಾಸಿಗೆ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್‌ವಿಗ್ ಗುಟ್‌ಮನ್ ಎಂಬ ವೈದ್ಯ ಇಂಥವರಿಗಾಗಿ ಒಂದು ವಾರ್ಡ್ ತೆರೆದ. ಹಿಟ್ಲರನ ಜರ್ಮನಿಯಿಂದ ಓಡಿಬಂದ ಯಹೂದಿ ಅವನು. ಅವನ ಬಳಿ ಹೊಸ ಮದ್ದಿರಲಿಲ್ಲ, ಮಾಯದ ಶಸ್ತ್ರಕ್ರಿಯೆ ಇರಲಿಲ್ಲ. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂತ್ರದ ಶುಚಿ ನೋಡಬೇಕು, ಮಲಗಿಸಿ ಇಡದೆ ಎಬ್ಬಿಸಿ ಕೂರಿಸಬೇಕು, ಕೂತವನ ಕೈಗೆ ಕೆಲಸ ಕೊಡಬೇಕು, ಚೆಂಡು ಕೊಡಬೇಕು. ಸರಿಯಾಗಿ ಆಗುತ್ತಿದೆಯೋ ಇಲ್ಲವೋ ಎಂದು ರಾತ್ರಿ ತಾನೇ ಬಂದು ನೋಡುತ್ತಿದ್ದ. ಸಾಯುವರೆಂದು ಬಿಟ್ಟವರು ಬದುಕಿದರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಅವನು ಗಾಲಿಕುರ್ಚಿಯವರಿಗೆ ಬಿಲ್ಲುಗಾರಿಕೆಯ ಪಂದ್ಯ ಇಟ್ಟ. ಅದೇ ಬೆಳೆದು 1960ರಲ್ಲಿ ರೋಮ್‌ಗೆ ಹೋಯಿತು. ಇಂದು ಪ್ಯಾರಾಲಿಂಪಿಕ್ಸ್ ಎಂದು ನಾವು ಟೀವಿಯ ಮುಂದೆ ಚಪ್ಪಾಳೆ ತಟ್ಟುವುದು ಅದಕ್ಕೇ.

ಆದರೆ ಗುಟ್‌ಮನ್‌ನ ವಾರ್ಡಿನಲ್ಲಿ ಪಾಳಿ ಇತ್ತು. ಹಗಲಿನವರು ಬೇರೆ, ರಾತ್ರಿಯವರು ಬೇರೆ. ಅದೇ ಕೆಲಸವನ್ನು ನಮ್ಮಲ್ಲಿ ಪಾಳಿಯಿಲ್ಲದೆ, ಸಂಬಳವಿಲ್ಲದೆ, ರಜೆಯಿಲ್ಲದೆ ಒಬ್ಬಳೇ ಮಾಡಬೇಕು. ಮಾಡದಿದ್ದರೆ ಮಗನಿಗೆ ಹುಣ್ಣು. ಹುಣ್ಣಾದರೆ ಅವಳದೇ ತಪ್ಪು, ‘ಸರಿಯಾಗಿ ನೋಡ್ಕೊಂಡಿಲ್ಲ’ ಎಂಬ ಮಾತು.

ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ನಾಟಿಗೆ ನೀನು ನನ್ನ ಗದ್ದೆಗೆ ಬಾ, ಮುಂದಿನ ವಾರ ನಾನು ನಿನ್ನ ಗದ್ದೆಗೆ. ಯಾರೂ ಯಾರಿಗೂ ಉಪಕಾರ ಮಾಡಿದಂತಲ್ಲ, ಯಾರೂ ಹಂಗಿನಲ್ಲಿಲ್ಲ, ಗದ್ದೆ ಮಾತ್ರ ಒಣಗುವುದಿಲ್ಲ. ಮಳೆ ಇರುವಾಗಲೇ ನಾಟಿ ಮುಗಿಯಬೇಕೆಂದು ಊರಿಗೇ ಒಂದು ತುರ್ತು ಇರುತ್ತಿತ್ತಲ್ಲ, ಅದೇ ತುರ್ತು ಒಂದು ಮನೆಯ ಹಾಸಿಗೆಯ ಸುತ್ತ ಯಾಕೆ ಏಳುವುದಿಲ್ಲ? ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಪಕ್ಕದ ಮನೆ, ಅವನ ಕ್ರಿಕೆಟ್ ತಂಡದ ಹನ್ನೊಂದು ಜನ. ಇವರಲ್ಲಿ ಏಳು ಜನ ಸಿಗುವುದಿಲ್ಲವೇ? ಏಳು ಜನ, ಏಳು ರಾತ್ರಿ. ನಿಮ್ಮ ಪಾಲಿಗೆ ವಾರಕ್ಕೆ ಒಂದು. ಒಂದು ರಾತ್ರಿ ಅರೆನಿದ್ದೆಯಾದರೆ ನಿಮ್ಮ ಪ್ರಾಣ ಹೋಗುವುದಿಲ್ಲ, ಐಪಿಎಲ್ ನೋಡಿ ಎಷ್ಟೋ ರಾತ್ರಿ ಕಳೆದಿದ್ದೀರಿ. ಆ ತಾಯಿಗೆ ಮಾತ್ರ ಸತತ ಏಳು ಗಂಟೆ ಮಲಗಿದ ನೆನಪೇ ಇಲ್ಲ.

ಗೊತ್ತಿಲ್ಲದ ಕೆಲಸ ಎನ್ನಬೇಡಿ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಹೊರಳಿಸುವಾಗ ಎಳೆಯಬಾರದು, ಎಳೆದರೆ ಚರ್ಮ ಉಜ್ಜಿ ಹರಿಯುತ್ತದೆ. ಕೆಳಗೆ ಹಾಸಿದ ಬಟ್ಟೆ ಹಿಡಿದು, ಎತ್ತಿ ಸರಿಸಬೇಕು. ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು ದಿಂಬು. ಬಾಲಮೂಳೆ, ಸೊಂಟದ ಎರಡು ಪಕ್ಕೆ, ಹಿಮ್ಮಡಿ, ಹರಡು, ಇಷ್ಟನ್ನು ದಿನಕ್ಕೆ ಎರಡು ಸಲ ಬೆಳಕಲ್ಲಿ ನೋಡಬೇಕು. ಕೆಂಪು ಕಂಡರೆ ಬೆರಳಲ್ಲಿ ಒತ್ತಿ ಬಿಡಿ. ಬಣ್ಣ ಮಾಯವಾಗಿ ಮರಳಿದರೆ ಪರವಾಗಿಲ್ಲ. ಒತ್ತಿದರೂ ಕೆಂಪು ಕೆಂಪಾಗಿಯೇ ಉಳಿದರೆ ಆ ಭಾಗದ ಮೇಲೆ ಅದು ಮಾಯುವವರೆಗೆ ಭಾರ ಬೀಳಕೂಡದು. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಬೇಗ ಕಾಣದು, ಆದ್ದರಿಂದ ಮುಟ್ಟಿ ನೋಡಿ. ಬಿಸಿಯಾಗಿದೆಯೇ, ಗಡುಸಾಗಿದೆಯೇ? ಈ ಹಂತದಲ್ಲಿ ತಡೆದರೆ ಖರ್ಚು ಸೊನ್ನೆ. ತಪ್ಪಿದರೆ ಮೂಳೆ ಕಾಣುವ ಗುಂಡಿ, ತಿಂಗಳುಗಟ್ಟಲೆ ಬೋರಲು ಮಲಗುವುದು, ಇನ್ನೊಂದು ಶಸ್ತ್ರಕ್ರಿಯೆ.

ಮೂತ್ರದ ಮಾತು ಬಂದಾಗ ಎಲ್ಲರೂ ಮುಖ ತಿರುಗಿಸುತ್ತಾರೆ. ತಿರುಗಿಸಬೇಡಿ, ಅವನ ಜೀವ ಇರುವುದೇ ಅಲ್ಲಿ. ಪೈಪನ್ನು ಸದಾ ಒಳಗೇ ಬಿಟ್ಟು ಚೀಲ ಕಟ್ಟುವುದು ಸುಲಭದ ದಾರಿ, ಆದರೆ ಸೋಂಕಿಗೆ ತೆರೆದ ಬಾಗಿಲು. ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ಕೈಯಲ್ಲಿ ತೆಳ್ಳನೆಯ ನಳಿಕೆ ಹಾಕಿ ಮೂತ್ರ ಖಾಲಿ ಮಾಡಿ ತೆಗೆದುಬಿಡುವ ವಿಧಾನ 1970ರ ದಶಕದಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೈ ಸ್ವಾಧೀನದಲ್ಲಿರುವ ಯಾವ ಹುಡುಗನೂ ಇದನ್ನು ತಾನೇ ಮಾಡಿಕೊಳ್ಳಲು ಕಲಿಯಬಹುದು. ಹಾಗೆ ಕಲಿತ ದಿನ ಅವನಿಗೆ ಅಮ್ಮನ ಮುಂದೆ ಬೆತ್ತಲಾಗುವ ಅವಮಾನದಿಂದ ಬಿಡುಗಡೆ. ಯಾವ ಫಿಸಿಯೋಥೆರಪಿಗಿಂತಲೂ ಆ ಬಿಡುಗಡೆ ಅವನನ್ನು ಎತ್ತಿ ಕೂರಿಸುತ್ತದೆ ಎಂದು ನನ್ನ ನಂಬಿಕೆ. ಅಲ್ಲಿಯವರೆಗೆ ಈ ಕೆಲಸ ಕಲಿಯಬೇಕಾದದ್ದು ಅಪ್ಪ, ಅಣ್ಣ, ತಮ್ಮ. ಹೌದು, ಗಂಡಸರು. ‘ನಂಗೆ ಅದೆಲ್ಲ ನೋಡಕ್ಕಾಗಲ್ಲಪ್ಪ’ ಎಂದು ಅಂಗಳಕ್ಕೆ ಹೋಗಿ ಬೀಡಿ ಹಚ್ಚುವ ಅಪ್ಪಂದಿರೇ, ಅವಳಿಗೂ ನೋಡಲಾಗುವುದಿಲ್ಲ. ನೋಡುತ್ತಾಳೆ ಅಷ್ಟೆ.

ಕುತ್ತಿಗೆಗೋ ಎದೆಯ ಮೇಲ್ಭಾಗಕ್ಕೋ ಪೆಟ್ಟಾದವರ ಮನೆಯಲ್ಲಿ ಇನ್ನೊಂದು ತಿಳಿದಿರಲಿ. ಇದ್ದಕ್ಕಿದ್ದಂತೆ ತಲೆ ಸಿಡಿಯುವಷ್ಟು ನೋವು, ಮುಖವೆಲ್ಲ ಬೆವರು, ರೋಮಾಂಚ. ರಕ್ತದೊತ್ತಡ ಗಗನಕ್ಕೇರುತ್ತಿದೆ ಎಂದರ್ಥ. ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಚೀಲ, ಮಡಚಿಕೊಂಡ ಪೈಪು, ಇಲ್ಲವೇ ಕಟ್ಟಿದ ಹೊಟ್ಟೆ. ಮಲಗಿಸಬಾರದು, ಎಬ್ಬಿಸಿ ಕೂರಿಸಬೇಕು. ಬಿಗಿ ಬಟ್ಟೆ ಸಡಿಲಿಸಿ, ಪೈಪು ನೋಡಿ, ಮೂತ್ರ ಖಾಲಿ ಮಾಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ಅಲ್ಲಿನ ಡ್ಯೂಟಿ ಡಾಕ್ಟರಿಗೆ ಇದು ಬೆನ್ನುಹುರಿಯ ಪೆಟ್ಟಿನವನು ಎಂದು ಮೊದಲೇ ಹೇಳಿ.

ಇದನ್ನೆಲ್ಲ ನಾನು ಯಾಕೆ ಬರೆಯಬೇಕಾಯಿತು? ಇದು ಪತ್ರಿಕೆಯಲ್ಲಿ ಓದಿ ತಿಳಿಯುವ ವಿಷಯವೇ? ವೈದ್ಯರೇ, ನಿಮ್ಮ ಕತ್ತರಿಯ ಬಗ್ಗೆ ನನಗೆ ಗೌರವವಿದೆ. ಮುರಿದ ಮೂಳೆಗೆ ತಿರುಪು ಹಾಕಿ ನೆಟ್ಟಗೆ ನಿಲ್ಲಿಸಿದಿರಿ. ಆಮೇಲೆ ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಹಾಳೆ ಕೊಟ್ಟು ಕಳಿಸಿದಿರಿ. ಹಾಳೆಯ ಕೊನೆಯಲ್ಲಿ ‘ಬೆನ್ನಿನ ಆರೈಕೆ, ಮೂತ್ರಕೋಶದ ಆರೈಕೆ’ ಎಂದು ಎರಡು ಸಾಲು, ಅದೂ ಇಂಗ್ಲಿಷಿನಲ್ಲಿ. ಆ ತಾಯಿಯ ಕೈಯಲ್ಲಿ ಒಮ್ಮೆ, ನಿಮ್ಮ ಎದುರಿಗೇ, ಮಗ್ಗುಲು ಬದಲಿಸುವುದನ್ನು ಮಾಡಿಸಿ ನೋಡದೆ, ನಳಿಕೆ ಹಾಕಿಸಿ ನೋಡದೆ ಮನೆಗೆ ಕಳಿಸುವುದು ಅರ್ಧ ಮುಗಿಸಿದ ಚಿಕಿತ್ಸೆ. ಕಲಿಸುವ ಜಾಗಗಳು ಇಲ್ಲವೆಂದಲ್ಲ. ಬೆಂಗಳೂರಿನ ಲಿಂಗರಾಜಪುರದಲ್ಲಿ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಬೆನ್ನುಹುರಿಯ ಪೆಟ್ಟಿನವರ ಪುನರ್ವಸತಿ ಮಾಡುತ್ತಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಬಳಿ ಸೌತಡ್ಕದಲ್ಲಿ ಇವರಿಗೆಂದೇ ಸೇವಾಧಾಮ ಎಂಬ ಕೇಂದ್ರವಿದೆ. ಗಾಲಿಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಕಮೋಡಿಗೆ ತಾನೇ ದಾಟುವುದನ್ನು ಅಂಥ ಕಡೆ ಕಲಿಸುತ್ತಾರೆ. ಹೆಚ್ಚಿನ ಸಲ ಕಲಿಸುವವರೂ ಗಾಲಿಕುರ್ಚಿಯಲ್ಲೇ ಕೂತಿರುತ್ತಾರೆ, ಅದು ಹುಡುಗನ ಕಣ್ಣಿಗೆ ಬೀಳುವುದೇ ಅರ್ಧ ಮದ್ದು. ಆದರೆ ಇಡೀ ರಾಜ್ಯಕ್ಕೆ ಬೆರಳೆಣಿಕೆಯ ಜಾಗ ಸಾಲುವುದಿಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ, ಒಬ್ಬ ಫಿಸಿಯೋ, ಕಲಿಸಬಲ್ಲ ಒಬ್ಬ ದಾದಿ ಇಡಲಾಗದಷ್ಟು ಬಡ ರಾಜ್ಯವೇ ಇದು?

ಈಗ ಮನೆಯವರಿಗೆ ಒಂದು ಮಾತು. ಕಠಿಣವಾಗಿ ಕೇಳಿಸಿದರೆ ಕೇಳಿಸಲಿ.

ಅವನನ್ನು ಮಗು ಮಾಡಬೇಡಿ. ಪ್ರೀತಿ ಹೆಚ್ಚಾಗಿ ನೀವು ಅವನ ಬಾಯಿಗೆ ತುತ್ತಿಡುತ್ತೀರಿ, ಕೈ ಸರಿಯಿರುವವನಿಗೆ. ಯಾವ ಅಂಗಿ, ಎಷ್ಟೊತ್ತಿಗೆ ಸ್ನಾನ, ಯಾರು ಒಳಗೆ ಬರಬಹುದು, ಫೋನಿನ ಪಾಸ್‌ವರ್ಡ್ ಏನು, ಎಲ್ಲವೂ ನಿಮ್ಮದೇ ತೀರ್ಮಾನ. ಅವನ ಬ್ಯಾಂಕಿನ ಪಾಸ್‌ಬುಕ್ಕು ಅಣ್ಣನ ಜೇಬಿನಲ್ಲಿ. ನೆಂಟರು ಬಂದರೆ ಅವನ ಕೋಣೆಯ ಪರದೆ ಎಳೆಯುತ್ತೀರಿ. ಮದುವೆ ಮನೆಗೆ ಅವನೊಬ್ಬನನ್ನು ಬಿಟ್ಟು ಎಲ್ಲರೂ ಹೋಗುತ್ತೀರಿ, ‘ಅವನಿಗೆ ತೊಂದ್ರೆ ಆಗುತ್ತೆ’ ಎಂದು. ಅವನನ್ನು ಕೇಳಿದಿರಾ? ಅವನು ಸಿಟ್ಟು ಮಾಡುತ್ತಾನೆ, ತಟ್ಟೆ ಎಸೆಯುತ್ತಾನೆ, ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಸಾಯಬೇಕೆಂದೂ ಹೇಳಬಹುದು. ಆ ಮಾತನ್ನು ‘ಏನೋ ಬಾಯಿಗೆ ಬಂದದ್ದು’ ಎಂದು ತಳ್ಳಿಹಾಕಬೇಡಿ, ಪಕ್ಕದಲ್ಲಿ ಕೂತು ಕೇಳಿ, ಮನೋವೈದ್ಯರ ಬಳಿ ಕರೆದೊಯ್ಯಿರಿ. ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮದುವೆ, ಮಕ್ಕಳು, ಮೈಯ ಬಯಕೆ, ಇವೂ ಅವನ ಮನಸ್ಸಿನಲ್ಲಿವೆ. ಇವು ಮುಗಿದ ಅಧ್ಯಾಯ ಎಂದು ನೀವೇ ಷರಾ ಬರೆಯಬೇಡಿ. ಬೆನ್ನುಹುರಿಗೆ ಪೆಟ್ಟಾದ ಹೆಂಗಸರು ತಾಯಂದಿರಾಗಿದ್ದಾರೆ, ಗಂಡಸರು ವೈದ್ಯರ ನೆರವಿನಿಂದ ತಂದೆಯರಾಗಿದ್ದಾರೆ. ಕೇಳಲು ನಾಚುವ ಪ್ರಶ್ನೆಗೆ ಉತ್ತರ ಕೊಡುವ ವೈದ್ಯರಿದ್ದಾರೆ.

ಸಾಧಕರ ಕತೆ ಹೇಳಿ ಅವನನ್ನು ಹಂಗಿಸುವ ಚಟವೊಂದು ನಮ್ಮಲ್ಲಿದೆ. ‘ನೋಡು, ಅವರು ಏನೆಲ್ಲ ಮಾಡಿದ್ರು, ನೀನು ಮಲಗಿದ್ದೀಯ.’ 1975ರ ಜನವರಿಯಲ್ಲಿ ತಮಿಳುನಾಡಿನ ಆಯಿಕುಡಿಯ ಎಂಜಿನಿಯರಿಂಗ್ ವಿದ್ಯಾರ್ಥಿ ಎಸ್. ರಾಮಕೃಷ್ಣನ್ ನೌಕಾಪಡೆಯ ಅಧಿಕಾರಿ ಆಯ್ಕೆಗೆಂದು ನಮ್ಮ ಬೆಂಗಳೂರಿಗೇ ಬಂದಿದ್ದರು. ದೈಹಿಕ ಪರೀಕ್ಷೆಯ ವೇಳೆ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಹೋಯಿತು. ಆ ಮನುಷ್ಯ 1981ರಲ್ಲಿ ಹುಟ್ಟೂರಿನಲ್ಲಿ ಅಮರ್ ಸೇವಾ ಸಂಗಮ್ ಕಟ್ಟಿದರು. ತನ್ನನ್ನು ಉಪಚರಿಸಿದ ಸೇನಾ ವೈದ್ಯ ಅಮರ್‌ಜಿತ್ ಸಿಂಗ್ ಚಾಹಲ್‌ರ ಹೆಸರನ್ನೇ ಅದಕ್ಕಿಟ್ಟರು. 2020ರಲ್ಲಿ ಪದ್ಮಶ್ರೀ ಬಂತು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಎರಡೂ ದೊಡ್ಡ ಬದುಕುಗಳೇ. ಆದರೆ ಈ ಕತೆಗಳನ್ನು ಹೇಳುವವರು ಒಂದು ಮಾತು ನುಂಗಿಬಿಡುತ್ತಾರೆ. ಕುತ್ತಿಗೆಯ ಕೆಳಗೆ ಅಲುಗಾಡದ ಮನುಷ್ಯನನ್ನು ಇಷ್ಟು ವರ್ಷ ಯಾರೋ ಪ್ರತಿ ರಾತ್ರಿ ಹೊರಳಿಸಿದ್ದಾರೆ, ಯಾರೋ ಪ್ರತಿ ಬೆಳಿಗ್ಗೆ ಎತ್ತಿ ಕುರ್ಚಿಗೆ ಕೂರಿಸಿದ್ದಾರೆ. ಒಂದು ಸಂಸ್ಥೆ, ಒಬ್ಬ ಗುರು, ಒಂದು ಊರು ಹಿಂದೆ ನಿಂತಿದೆ. ಹುಡುಗನಿಂದ ರಾಮಕೃಷ್ಣನ್‌ರಷ್ಟು ಧೈರ್ಯ ಕೇಳುವ ಮೊದಲು ನೀವು ಆ ಊರಾಗಿದ್ದೀರಾ ಎಂದು ಕೇಳಿಕೊಳ್ಳಿ. ಅವನು ಯಾವ ಪದಕವನ್ನೂ ಗೆಲ್ಲದೆ, ಊರಲ್ಲೊಂದು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಸಂಜೆ ಗೆಳೆಯರೊಂದಿಗೆ ಹರಟುತ್ತಾ ಎಪ್ಪತ್ತು ವರ್ಷ ಬದುಕಿದರೂ ಸಾಕು. ಸಾಧಾರಣ ಬದುಕಿಗೂ ಅವನಿಗೆ ಹಕ್ಕಿದೆ.

ಆ ಸಾಧಾರಣ ಬದುಕಿಗೆ ಅಡ್ಡ ನಿಂತದ್ದು ಏನು? ಮೂರು ಮೆಟ್ಟಿಲು. ಜಗಲಿಗೆ ಮೂರು, ಪಂಚಾಯ್ತಿ ಕಚೇರಿಗೆ ಐದು, ಬ್ಯಾಂಕಿಗೆ ಏಳು, ಕಾಲೇಜಿನ ತರಗತಿಗೆ ಎರಡು ಮಹಡಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು, ಅಷ್ಟೇ ಲೆಕ್ಕ. ಎರಡು ದಿನದ ಗಾರೆ ಕೆಲಸ. ಹುಡುಗನನ್ನು ‘ನಾಲ್ಕು ಜನ ಎತ್ಕೊಂಡು ಹೋಗ್ತೀವಿ’ ಎನ್ನುವುದು ಸಹಾಯವಲ್ಲ. ಎತ್ತಿಸಿಕೊಂಡು ಹೋಗುವವನು ಎತ್ತುವವರ ಪುರುಸೊತ್ತಿಗೆ ಕಾಯಬೇಕು. ಮನೆಯೊಳಗೆ ಎರಡಡಿಯ ಬಚ್ಚಲು ಬಾಗಿಲನ್ನು ಒಡೆದು ಮೂರಡಿ ಮಾಡಿದರೆ ಅವನು ಸ್ವಂತ ಸ್ನಾನ ಮಾಡಿಯಾನು. ಊರಿನ ಗಾರೆಯವರೇ, ಬಡಗಿಗಳೇ, ನಿಮ್ಮ ಒಂದು ಭಾನುವಾರ ಇದಕ್ಕೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಾಗದದ ಮೇಲೆ ಒಳ್ಳೆಯ ಕಾಯ್ದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಅಂದಿನಿಂದ ಐದು ವರ್ಷದೊಳಗೆ, ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳಿಗೆಲ್ಲ ಎಲ್ಲರೂ ಒಳಬರುವಂತಾಗಬೇಕಿತ್ತು. ಆ ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸೌಲಭ್ಯದ ನಿಯಮಗಳು ಬರಿಯ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು ಹೇಳಿತು. ಅದೇ ಕಾಯ್ದೆ ನೌಕರಿಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯಬಾರದು, ಹುದ್ದೆ ಇಳಿಸಬಾರದು ಎನ್ನುತ್ತದೆ. ಹೆಚ್ಚಿನ ನೆರವು ಬೇಕಾದವರ ಆರೈಕೆ ಮಾಡುವವರಿಗೆ ಭತ್ಯೆಯ ಮಾತೂ ಅದರಲ್ಲಿದೆ. ಆ ಭತ್ಯೆ ಎಷ್ಟು ತಾಯಂದಿರ ಕೈ ಸೇರಿದೆ ಎಂದು ನಿಮ್ಮ ಶಾಸಕರನ್ನು ಕೇಳಿ. ಕರ್ನಾಟಕದ ಪಂಚಾಯ್ತಿಗಳು ವಿಕಲಚೇತನರಿಗಾಗಿ ಶೇಕಡ 5ರಷ್ಟು ಹಣ ಮೀಸಲಿಡಬೇಕು. ಪಂಚಾಯ್ತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ, ಅವರಿಗೆ ಸಿಗುವ ಗೌರವಧನ ಕೇಳಿದರೆ ನಾಚಿಕೆಯಾಗುತ್ತದೆ, ಅದು ಬೇರೆ ಮಾತು. ಆ ಶೇಕಡ 5ರ ಹಣ ಎಲ್ಲಿ ಹೋಯಿತು? ಯಾರೂ ಕೇಳದ ಕಾರಣ ಅದು ಬೀದಿದೀಪದ ಲೆಕ್ಕದಲ್ಲೋ ಮತ್ತಾವುದರಲ್ಲೋ ಕರಗುತ್ತದೆ.

ಪ್ರಿನ್ಸಿಪಾಲರೇ, ಹಾಜರಾತಿ ಕಡಿಮೆಯೆಂದು ಅವನ ಹೆಸರು ಹೊಡೆಯಬೇಡಿ. ತರಗತಿಯನ್ನು ಕೆಳಮಹಡಿಗೆ ತನ್ನಿ. ತೋಟದ ಯಜಮಾನರೇ, ನಿಮ್ಮ ಕೊನೆ ಇಳಿಸಲು ಹತ್ತಿದವನು ಬಿದ್ದಾಗ ಆಸ್ಪತ್ರೆಗೆ ಹತ್ತೋ ಇಪ್ಪತ್ತೋ ಸಾವಿರ ಕೊಟ್ಟು ಕೈ ತೊಳೆದುಕೊಂಡಿರಿ. ಮುಂದಿನ ಕೊಯ್ಲಿಗೆ ನೆಲದ ಮೇಲೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ತನ್ನಿ, ಹತ್ತಲೇಬೇಕಾದರೆ ಸೊಂಟಕ್ಕೆ ಪಟ್ಟಿ ಕೊಡಿ, ಎಲ್ಲರಿಗೂ ವಿಮೆ ಮಾಡಿಸಿ. ಬಿದ್ದವನಿಗೆ ಕೂತು ಮಾಡುವ ಕೆಲಸ, ಅಡಿಕೆ ಆರಿಸುವುದೋ ಲೆಕ್ಕ ಬರೆಯುವುದೋ, ನಿಮ್ಮಲ್ಲಿ ಖಂಡಿತ ಇದೆ.

ನಾಳೆ ದಾರಿಯಲ್ಲಿ ಯಾರಾದರೂ ಬಿದ್ದದ್ದು ಕಂಡರೆ, ದಯವಿಟ್ಟು, ಅವಸರದಲ್ಲಿ ಕಾಲು ಒಬ್ಬ ತಲೆ ಒಬ್ಬ ಹಿಡಿದು ಮಡಚಿ ಆಟೋಕ್ಕೆ ತುರುಕಬೇಡಿ. ಬಿದ್ದಾಗ ಉಳಿದಿದ್ದ ಹುರಿ ಆ ಮಡಚುವಿಕೆಯಲ್ಲಿ ಹರಿಯಬಹುದು. ಬೆಂಕಿಯೋ ನೀರೋ ಇಲ್ಲದಿದ್ದರೆ ಅಲ್ಲೇ ಇರಲಿ, ತಲೆ ಕುತ್ತಿಗೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ಬಾಗಿಲಿನ ಹಲಗೆಯಂಥ ಗಟ್ಟಿ ವಸ್ತುವಿನ ಮೇಲೆ, ತಲೆಯಿಂದ ಕಾಲಿನವರೆಗೆ ಒಂದೇ ಗೆರೆಯಲ್ಲಿ, ನಾಲ್ಕೈದು ಜನ ಒಟ್ಟಿಗೆ. ಪೊಲೀಸು ಕೇಸಿನ ಭಯ ಬೇಡ, ನೆರವಾದವರನ್ನು ಕಾಪಾಡಲು ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ.

ಇದನ್ನು ಓದುವಾಗ ನಿಮ್ಮ ಕಣ್ಣಮುಂದೆ ಒಂದು ಮನೆ ಬಂದಿರಬೇಕು. ನಿಮ್ಮ ಊರಿನದೋ, ತಾಯಿಯ ತವರಿನದೋ, ನೀವು ಬಹಳ ದಿನದಿಂದ ಹೋಗಬೇಕು ಎಂದುಕೊಂಡು ಹೋಗದೆ ಇರುವ ಮನೆ. ದೂರದ ಊರಿನಲ್ಲೋ ದೇಶದಲ್ಲೋ ಇದ್ದು ಹೋಗಲಾಗದಿದ್ದರೆ ತಿಂಗಳಿಗೆ ಇಷ್ಟು ರಾತ್ರಿಗೆ ಒಬ್ಬ ಸಹಾಯಕನ ಸಂಬಳ ಕಳಿಸಿ, ಒಂದು ಸಲವಲ್ಲ, ತಪ್ಪದೆ. ಹತ್ತಿರವಿದ್ದರೆ ಇಂದೇ ಫೋನ್ ಮಾಡಿ. ಅಮ್ಮನಿಗಲ್ಲ, ಅವನಿಗೇ. ‘ಹೇಗಿದ್ದೀಯ’ ಬೇಡ, ‘ಗುರುವಾರ ರಾತ್ರಿ ನಾನು ಬರಲಾ’ ಎಂದು ಕೇಳಿ. ಬೇಡ ಎಂದರೂ ಎಂದಾನು, ಅದು ಅವನ ಹಕ್ಕು. ಆಗ ಹಗಲು ಹೋಗಿ, ಮೀನು ಹಿಡಿಯಲು ಹೊಳೆಗೆ ಕರೆದೊಯ್ಯಿರಿ, ಇಲ್ಲವೇ ಅವನ ಜೊತೆ ಜಗಳವಾದರೂ ಆಡಿ. ಮತ್ತು ಮುಂದಿನ ಗ್ರಾಮಸಭೆ ಯಾವತ್ತೆಂದು ವಿಚಾರಿಸಿ ಅವನನ್ನು ಕರೆದುಕೊಂಡೇ ಹೋಗಿ. ಶೇಕಡ 5ರ ಲೆಕ್ಕವನ್ನು ಅವನೇ ಕೇಳಲಿ. ಸಭಾಭವನಕ್ಕೆ ಇಳಿಜಾರು ಇಲ್ಲದಿದ್ದರೆ ಅವನನ್ನು ಎತ್ತಬೇಡಿ. ಅಧ್ಯಕ್ಷರಿಗೆ, ಪಿಡಿಓಗೆ, ಸದಸ್ಯರಿಗೆಲ್ಲ ಕುರ್ಚಿ ಹಿಡಿದುಕೊಂಡು ಕೆಳಗೆ ಅಂಗಳಕ್ಕೆ ಬರಲು ಹೇಳಿ.